ಅಟ್ಟದ ಕೊಬ್ಬರಿಯಿಂದ ಆರ್.ಡಿ. ಪಾಸ್‌ಬುಕ್ಕಿನವರೆಗೆ

ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಹಿಂದೆ ಮುಂದೆ ನೋಡಿದ್ದು ನಿಜ. ನಮ್ಮ ಓದು ಎಸ್.ಎಸ್.ಎಲ್.ಸಿ.ಗೇ ನಿಂತಿತು. ನೇಗಿಲು ಹಿಡಿದ ಕೈಗೆ ಲೇಖನಿ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಆದರೆ "ಓದು ಯಾಕೆ ನಿಂತಿತು ಅನ್ನೋದನ್ನೇ ಬರೀರಿ, ಊರಲ್ಲಿ ಎಲ್ಲರ ಮನೆ ಕಥೆನೂ ಅದೇ ಅಲ್ವಾ" ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದ ಮೇಲೆ ಒಪ್ಪಿಕೊಂಡೆವು. ಹಳ್ಳಿಯ ಮನೆಗಳು ಮಕ್ಕಳ ಕಾಲೇಜು ಓದಿಗೆ ಹಿಂದಿನಿಂದ ಹಣ ಹೇಗೆ ಹೊಂದಿಸಿಕೊಂಡು ಬಂದವು, ಎಲ್ಲಿ ಎಡವಿದವು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ. ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

1995ರಲ್ಲಿ ನಾವು ಎಸ್.ಎಸ್.ಎಲ್.ಸಿ. ಪಾಸಾದೆವು. ಆ ಜೂನ್ ತಿಂಗಳಲ್ಲಿ ತಿಪಟೂರಿನಲ್ಲಿ ಪಿ.ಯು.ಸಿ. ಅರ್ಜಿ ತಂದು ಭರ್ತಿ ಮಾಡಿದ್ದೂ ಆಯಿತು. ಫೀಸು, ಬಸ್ಸಿನ ಪಾಸು, ಪುಸ್ತಕ ಎಲ್ಲ ಸೇರಿ ಈಗಿನ ಲೆಕ್ಕಕ್ಕೆ ದೊಡ್ಡ ಮೊತ್ತವೇನಲ್ಲ. ಮನೆಯಲ್ಲಿ ಹಣವೇ ಇರಲಿಲ್ಲ ಅಂತಲೂ ಅಲ್ಲ. ಅಟ್ಟದ ಮೇಲೆ ಕೊಬ್ಬರಿ ಇತ್ತು. ಆದರೆ ಅದು ಅಕ್ಕನ ಮದುವೆಗೆ ಅಂತ ಇಟ್ಟದ್ದು. ನಮ್ಮಪ್ಪ ಒಂದು ರಾತ್ರಿ ಅಟ್ಟದ ಏಣಿಯ ಹತ್ತಿರ ನಿಂತು ಬಹಳ ಹೊತ್ತು ಮೇಲೆ ನೋಡುತ್ತಿದ್ದರು. ಬೆಳಗ್ಗೆ ಎದ್ದು, "ಈ ವರ್ಷ ತೋಟ ನೋಡ್ಕೊ, ಬರೋ ವರ್ಷ ಸೇರ್ಕೊಂಡ್ರಾಯ್ತು" ಎಂದರು. ಬರುವ ವರ್ಷ ಅಕ್ಕನ ಮದುವೆಯಾಯಿತು. ಆಮೇಲೆ ಆ ಮಾತನ್ನು ನಾವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಇದನ್ನು ದೂರಾಗಿ ಬರೆಯುತ್ತಿಲ್ಲ. ನಮ್ಮ ಕಡೆ ಅಟ್ಟವೇ ಬ್ಯಾಂಕು. ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಸಂಚಿಕೆ ಹೊರಗಿನವರ ಕೈಗೂ ಹೋಗುತ್ತದೆ ಎಂದು ಹೇಳುತ್ತೇವೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಅಲ್ಲಾಡುವ ಹೊತ್ತಿಗೆ ಕೊಬ್ಬರಿ ಸಿದ್ಧ. ಕಷ್ಟ ಬಂದರೆ ನಾಲ್ಕು ಮೂಟೆ ಸುಲಿಸಿ ಮಾರುಕಟ್ಟೆಗೆ ಹಾಕುವುದು, ಇಲ್ಲವಾದರೆ ಹಾಗೇ ಬಿಡುವುದು. ಯಾವ ಮನೆಯ ಅಟ್ಟದಲ್ಲಿ ಎಷ್ಟಿದೆ ಅನ್ನುವುದರ ಮೇಲೆಯೇ ಹೆಣ್ಣು ಕೊಡುವುದು, ತರುವುದು ನಡೆಯುತ್ತಿತ್ತು. ಆದರೆ ಅಟ್ಟದಲ್ಲಿದ್ದ ಪ್ರತಿ ಮೂಟೆಗೂ ಒಂದೊಂದು ಹೆಸರಿತ್ತು: ಇದು ಮದುವೆಗೆ, ಇದು ಮನೆ ಹೆಂಚಿಗೆ, ಇದು ಜಾತ್ರೆಗೆ, ಇದು ಹಬ್ಬಕ್ಕೆ. ಕಾಲೇಜಿಗೆ ಅಂತ ಹೆಸರಿಟ್ಟ ಮೂಟೆಯನ್ನು ನಾವು ಯಾರ ಮನೆಯ ಅಟ್ಟದಲ್ಲೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂದು ಯೋಚನೆ ಮಾಡಿದರೆ ಒಂದು ಕಾರಣ ಹೊಳೆಯುತ್ತದೆ. ಹಿಂದಿನವರು ಮಕ್ಕಳ ಓದನ್ನು ಮನೆಯ ಖರ್ಚು ಅಂದುಕೊಂಡಿರಲಿಲ್ಲ. ಅದು ಊರಿನ ಖರ್ಚು, ಮಠದ ಖರ್ಚು, ಪುಣ್ಯವಂತರ ಖರ್ಚು. ಬಡ ಹುಡುಗ ಪಟ್ಟಣಕ್ಕೆ ಓದಲು ಹೋದರೆ ವಾರಾನ್ನ ಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಊಟ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿನ ಚಾರ್ಜಿಗೂ ಕಾಸಿಲ್ಲದೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಎರಡು ದಿನ ನಡೆದೇ ಹೋಗಿ ಹೈಸ್ಕೂಲು ಸೇರಿದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದದ್ದು ತಮಗೆಲ್ಲ ತಿಳಿದೇ ಇದೆ. ಇಂಥ ಕಥೆಗಳನ್ನು ಶಾಲೆಯಲ್ಲಿ ಕೇಳಿ ಕೇಳಿ, ಓದುವವನು ಹೇಗಾದರೂ ಓದುತ್ತಾನೆ ಎಂಬ ಧೈರ್ಯ ನಮ್ಮ ಹಿರಿಯರಿಗೆ ಬಂದುಬಿಟ್ಟಿತ್ತು. ನಡೆದುಹೋಗಿ ಕುಲಪತಿಯಾದವರ ಹೆಸರು ಉಳಿಯಿತು. ಅರ್ಧ ದಾರಿಯಿಂದ ವಾಪಸು ಬಂದವರ ಹೆಸರನ್ನು ಯಾರು ಬರೆದಿಟ್ಟರು?

ನಮ್ಮ ಜಿಲ್ಲೆಯ ಮಟ್ಟಿಗೆ ಸಿದ್ಧಗಂಗೆಯ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಡಾ. ಶಿವಕುಮಾರ ಸ್ವಾಮಿಗಳು (1907–2019) ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಕೊಟ್ಟರು. ನಮ್ಮೂರಿನಿಂದಲೂ ಹುಡುಗರು ಅಲ್ಲಿ ಓದಿ ಬಂದರು. ಸುಗ್ಗಿ ಮುಗಿದ ಮೇಲೆ ಊರಿನಿಂದ ರಾಗಿ ಮೂಟೆ, ಕಾಯಿ ಮಠಕ್ಕೆ ಹೋಗುತ್ತಿತ್ತು. ಈಗ ಯೋಚಿಸಿದರೆ ಅದೂ ಒಂದು ರೀತಿಯ ಉಳಿತಾಯವೇ. ಇವರ ಮಗ ಓದದಿದ್ದರೆ ಅವರ ಮಗ ಓದಲಿ ಎಂದು ಊರೇ ಕಟ್ಟಿದ ಕಂತು ಅದು. ದೇವರಾಜ ಅರಸು ಅವರ ಆಡಳಿತದಲ್ಲಿ (1972–1980) ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳು ಹೆಚ್ಚಾದವು. ನಮ್ಮ ಚಿಕ್ಕಪ್ಪನವರ ಕಾಲದ ಎಷ್ಟೋ ಮಂದಿ ಆ ಹಾಸ್ಟೆಲ್ ಊಟದಲ್ಲೇ ಬಿ.ಎ., ಬಿ.ಕಾಂ. ಮುಗಿಸಿ ಮೇಷ್ಟ್ರಾದರು, ಗುಮಾಸ್ತರಾದರು. ಆಗ ಸರ್ಕಾರಿ ಕಾಲೇಜಿನ ಫೀಸೂ ಕಡಿಮೆ. ಊಟ, ವಸತಿ ಒಂದು ದಾರಿಯಾದರೆ ಓದು ಆದ ಹಾಗೆಯೇ ಲೆಕ್ಕ.

ಆ ಲೆಕ್ಕ ತಪ್ಪಲು ಶುರುವಾದದ್ದು ಖಾಸಗಿ ಕಾಲೇಜುಗಳ ಕಾಲದಲ್ಲಿ. ಎಂಜಿನಿಯರಿಂಗು, ಮೆಡಿಕಲ್ಲು ಎಂಬ ಎರಡು ಮಾತು ಹಳ್ಳಿಯ ಜಗಲಿಗೂ ಬಂದವು. ಡೊನೇಷನ್ ಎಂಬ ಇನ್ನೊಂದು ಮಾತು ಅವುಗಳ ಬೆನ್ನಿಗೇ ಬಂತು. ಅದನ್ನು ತಡೆಯಲು 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾನೂನು ಮಾಡಿತು. ಅದರ ಅಡಿಯಲ್ಲಿ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ಶುಲ್ಕ ನೋಡಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟಿನಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಹೊರರಾಜ್ಯದ ಒಬ್ಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಮಾರನೆಯ ವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಫಲವಾಗಿ 1994ರಿಂದ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಪರೀಕ್ಷೆ ನಡೆದು, ಅಂಕ ತೆಗೆದ ಹಳ್ಳಿ ಹುಡುಗನಿಗೂ ಸೀಟು ಸಿಗುವ ಬಾಗಿಲು ತೆರೆಯಿತು.

ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಇದರಿಂದ ಇನ್ನೊಂದು ಸಂಗತಿಯೂ ಆಯಿತು. ಮೊದಲು ಸೀಟೇ ಸಿಗದ ಕಾರಣ ಹಣದ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಮಗು ಓದಿ ಸೀಟು ತಂದುಬಿಡುತ್ತದೆ. ಕೌನ್ಸೆಲಿಂಗ್ ಮುಗಿದು ಇಷ್ಟು ದಿನದೊಳಗೆ ಫೀಸು ಕಟ್ಟಬೇಕು ಅಂತ ಬರುತ್ತದೆ. ವಾರಾನ್ನದ ಮನೆಗಳು ಎಲ್ಲಿವೆ? ಪೂರ್ತಿ ಹೊರೆ ಅಪ್ಪ ಅಮ್ಮನ ತಲೆಯ ಮೇಲೆ, ಅದೂ ಒಂದೇ ವಾರದಲ್ಲಿ. ಓದು ಊರಿನ ಖರ್ಚಿನಿಂದ ಮನೆಯ ಖರ್ಚಿಗೆ ಬಂದದ್ದು ಹೀಗೆ. ಆದರೆ ಉಳಿತಾಯದ ಪದ್ಧತಿ ಮಾತ್ರ ಹಳೆಯದೇ ಉಳಿಯಿತು.

ಇಲ್ಲಿ ರೈತರ ಕಷ್ಟ ನೌಕರರಿಗಿಂತ ಬೇರೆ. ನಮ್ಮ ರಾಗಿ ಕಣಕ್ಕೆ ಬರುವುದು ಡಿಸೆಂಬರ್, ಜನವರಿಗೆ. ಕಾಲೇಜಿನ ಫೀಸು ಬರುವುದು ಜೂನ್, ಜುಲೈಗೆ, ಈಚೆಗೆ ಸಿ.ಇ.ಟಿ. ಸೀಟಿನವರಿಗೆ ಇನ್ನೂ ಒಂದೆರಡು ತಿಂಗಳು ತಡ. ಅದೇ ಹೊತ್ತಿಗೆ ಮುಂಗಾರು. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಸುಗ್ಗಿಯ ದುಡ್ಡು ಅಷ್ಟರಲ್ಲಿ ಮದುವೆ, ಜಾತ್ರೆ, ಹಳೆ ಸಾಲಕ್ಕೆ ಹೋಗಿರುತ್ತದೆ. ವರ್ಷಕ್ಕೆ ಒಟ್ಟು ಎಷ್ಟು ಆದಾಯ ಎಂದು ಲೆಕ್ಕ ಹಾಕಿದರೆ ಫೀಸು ಕಟ್ಟಲು ಸಾಕು. ಜೂನ್ ತಿಂಗಳಲ್ಲಿ ಎಷ್ಟಿದೆ ಎಂದು ಕೇಳಿದರೆ ಕೈ ಖಾಲಿ. ನಮ್ಮ ಓದು ನಿಂತದ್ದು ಬಡತನಕ್ಕಿಂತ ಹೆಚ್ಚಾಗಿ ಈ ಜೂನ್ ತಿಂಗಳಿನಿಂದ ಎಂದು ನಮಗೆ ಈಗಲೂ ಅನ್ನಿಸುತ್ತದೆ.

ಊರಿನ ಚೀಟಿಯನ್ನೇ ನೋಡಿ. ಇಪ್ಪತ್ತು ಜನ, ತಿಂಗಳಿಗೆ ಸಾವಿರದಂತೆ, ಇಪ್ಪತ್ತು ತಿಂಗಳ ಚೀಟಿ. ಪ್ರತಿ ತಿಂಗಳು ಇಪ್ಪತ್ತು ಸಾವಿರದ ಹರಾಜು. ತುರ್ತು ಇದ್ದವನು ಐದು ಸಾವಿರ ಬಿಟ್ಟು ಹದಿನೈದು ಸಾವಿರಕ್ಕೆ ಎತ್ತುತ್ತಾನೆ. ತುರ್ತಿಲ್ಲದವನು ಕೊನೆಯವರೆಗೆ ಕಾದು ಲಾಭ ಮಾಡುತ್ತಾನೆ. ಜೂನ್ ತಿಂಗಳ ಹರಾಜು ಎಲ್ಲಕ್ಕಿಂತ ಜೋರು ಎಂಬುದನ್ನು ಚೀಟಿ ನಡೆಸುವವರನ್ನು ಕೇಳಿದರೆ ಹೇಳುತ್ತಾರೆ. ಮಕ್ಕಳನ್ನು ಓದಿಸುವವರು ನಷ್ಟಕ್ಕೆ ಎತ್ತಿದ ಹಣ, ಮಕ್ಕಳನ್ನು ಓದಿಸದವರ ಲಾಭಕ್ಕೆ ಹೋಯಿತು ಅಂದರೆ ಬೇಸರ ಮಾಡಿಕೊಳ್ಳಬಾರದು. 1982ರಲ್ಲೇ ಚೀಟಿಗಳಿಗೆ ಕೇಂದ್ರದ ಕಾನೂನು ಬಂದಿದೆ. ಊರ ಚೀಟಿಗಳು ನಡೆಯುವುದು ಕಾನೂನಿನ ಮೇಲಲ್ಲ, ಮುಖದ ಮೇಲೆ. ಮುಖ ಕಾಣೆಯಾದರೆ ಚೀಟಿಯೂ ಕಾಣೆ.

ನಮ್ಮಪ್ಪನಿಗೂ ಒಂದು ಪಾಠವಾಯಿತು. ಅಕ್ಕನ ಮದುವೆ ಆದ ಮೇಲೆ, ಚಿಕ್ಕ ಮಗನನ್ನಾದರೂ ಓದಿಸಬೇಕು ಎಂದು ಅವರಿಗೆ ಬಂತು. ಆಗ ತೇಗದ ಮರದ ಕಂಪನಿಗಳ ಕಾಲ. ಇಂದು ಇಷ್ಟು ಕಟ್ಟಿದರೆ ನಿಮ್ಮ ಹೆಸರಿಗೆ ಒಂದು ತೇಗದ ಸಸಿ, ಇಪ್ಪತ್ತು ವರ್ಷಕ್ಕೆ ಲಕ್ಷ ಲಕ್ಷ ಎಂದು ಏಜೆಂಟರು ಮನೆ ಮನೆಗೆ ಬರುತ್ತಿದ್ದರು. ಅಪ್ಪ ಎರಡು ಸಸಿಗೆ ಕಟ್ಟಿದರು. ಬಣ್ಣದ ಅಂಚಿನ, ಮೊಹರು ಒತ್ತಿದ ಸರ್ಟಿಫಿಕೇಟು ಬಂತು, ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ತೂಗುಹಾಕಿದರು. ಎರಡು ವರ್ಷದ ಮೇಲೆ ಪಟ್ಟಣಕ್ಕೆ ಹೋಗಿ ನೋಡಿದರೆ ಆಫೀಸಿಗೆ ಬೀಗ. ಇಂಥ ಯೋಜನೆಗಳಿಗೆ ಲಗಾಮು ಹಾಕಲು ಸೆಬಿಯವರು ನಿಯಮ ತಂದದ್ದು 1999ರಲ್ಲಿ. ಅಷ್ಟರಲ್ಲಿ ಅಪ್ಪನ ತೇಗ ಒಣಗಿತ್ತು. ಸ್ವಂತ ತೋಟದ ಬದುವಿನಲ್ಲಿ ತೇಗ ನೆಟ್ಟಿದ್ದರೆ ಇವತ್ತು ಮರವಾದರೂ ಇರುತ್ತಿತ್ತು ಎಂದು ಅವರೇ ಈಗ ನಗುತ್ತಾರೆ. ಆಗ ನಗಲಿಲ್ಲ.

ಹಾಗಾದರೆ ಒಳ್ಳೆಯ ದಾರಿ ಇರಲೇ ಇಲ್ಲವೇ? ಇತ್ತು, ಬಹಳ ಹಿಂದಿನಿಂದಲೂ ಇತ್ತು. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಶುರುವಾದದ್ದು 1882ರಲ್ಲಿ. ಸಹಕಾರ ಪತ್ತಿನ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮಾರನೆಯ ವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಸಂಘವೂ ಅದೇ ಬಳ್ಳಿಯ ಒಂದು ಕುಡಿ. ಆದರೆ ನಿಜ ಹೇಳಬೇಕೆಂದರೆ, ಹಳ್ಳಿಯ ಸಹಕಾರ ಸಂಘ ಅಂದರೆ ಸಾಲ ಕೊಡುವ ಜಾಗ ಎಂದೇ ಜನ ತಿಳಿದರು. ಗೊಬ್ಬರಕ್ಕೆ, ಬೀಜಕ್ಕೆ, ಪಡಿತರಕ್ಕೆ ಬರುತ್ತಾರೆ. ಉಳಿಸಲು ಬರುವವರು ಕಡಿಮೆ. ಆ ತಪ್ಪು ಜನರದ್ದು ಮಾತ್ರವಲ್ಲ, ಸಂಘಗಳದ್ದೂ ಹೌದು.

ಸಣ್ಣ ಉಳಿತಾಯದ ಗುಟ್ಟು ತಿಳಿದವರು ಕರಾವಳಿಯವರು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರೂ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರೂ ಸೇರಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿ ಎಂಬ ಪದ್ಧತಿ ತಂದಿತು. ಬ್ಯಾಂಕಿನವನೇ ಪ್ರತಿ ದಿನ ಮನೆ ಬಾಗಿಲಿಗೆ ಬರುವುದು, ಎರಡಾಣೆ ಕೊಟ್ಟರೂ ಜಮಾ ಮಾಡಿಕೊಳ್ಳುವುದು. ಮೀನು ಮಾರುವವರು, ನೇಕಾರರು, ಕೂಲಿಯವರು ಬ್ಯಾಂಕಿನ ಮೆಟ್ಟಿಲು ಹತ್ತದಿದ್ದರೂ ಬ್ಯಾಂಕೇ ಅವರ ಮೆಟ್ಟಿಲು ಹತ್ತಿತು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಉಳಿಯಿತು. ನಮ್ಮ ಸಂಘದ ಪಿಗ್ಮಿ ಹುಡುಗ ಸಂಜೆ ಅಂಗಡಿ ಬೀದಿಯಲ್ಲಿ ಸುತ್ತುವುದು ಆ ಎರಡಾಣೆಯ ದಾರಿಯಲ್ಲೇ. ಅದೇ ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ತೆರೆದರು. ಎರಡಾಣೆ ಉಳಿಸುವುದನ್ನು ಕಲಿಸಿದವರೂ ಅವರೇ, ಹಣ ಕೊಟ್ಟು ಓದುವ ಕಾಲೇಜಿಗೆ ದಾರಿ ಹಾಕಿದವರೂ ಅವರೇ ಎಂಬುದು ನಮಗೆ ಯಾವಾಗಲೂ ಸೋಜಿಗದ ಸಂಗತಿ.

ನಮ್ಮ ಮನೆಗಳಲ್ಲಿ ಪಿಗ್ಮಿ ಕಟ್ಟಿದವರು ಹೆಂಗಸರು. ಹೆಸರು ಬೇರೆ ಅಷ್ಟೇ. ಬೆಣ್ಣೆ, ಮೊಟ್ಟೆ, ಹುಣಸೇಹಣ್ಣು ಮಾರಿದ ಕಾಸು ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ನಮ್ಮ ಹೈಸ್ಕೂಲಿನ ಪರೀಕ್ಷೆ ಫೀಸು ಕಟ್ಟಿದ್ದು ಅವ್ವನ ಡಬ್ಬಿಯಿಂದಲೇ. ಅಪ್ಪನಿಗೆ ಅದು ಗೊತ್ತಾದದ್ದು ಫಲಿತಾಂಶ ಬಂದ ಮೇಲೆ. 2000ದ ಹೊತ್ತಿಗೆ ಸ್ತ್ರೀಶಕ್ತಿ ಗುಂಪುಗಳು ಬಂದ ಮೇಲೆ ಆ ಡಬ್ಬಿಗೆ ಒಂದು ಪುಸ್ತಕ, ಒಂದು ಸಹಿ ಸಿಕ್ಕಿತು. ಇದರ ಬಗ್ಗೆ ಮಹಿಳಾ ಸದಸ್ಯರೇ ಬರೆದರೆ ಚೆನ್ನ. ನಾವು ಹೆಚ್ಚು ಹೇಳಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ.

ಸರ್ಕಾರದ ಯೋಜನೆಗಳೂ ಬಂದವು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಆಗ ಐದೂವರೆ ವರ್ಷಕ್ಕೆ ಹಣ ಎರಡರಷ್ಟು ಮಾಡುತ್ತಿತ್ತು. ಮಗು ಏಳನೇ ತರಗತಿಗೆ ಬಂದಾಗ ಒಂದು ಪತ್ರ ತೆಗೆದಿಟ್ಟ ನಮ್ಮೂರಿನ ಮೇಷ್ಟ್ರೊಬ್ಬರು ಪಿ.ಯು.ಸಿ. ಮುಗಿಯುವ ಹೊತ್ತಿಗೆ ನಿಶ್ಚಿಂತೆಯಾಗಿದ್ದರು. ಅದು 2011ರಲ್ಲಿ ನಿಂತು 2014ರಲ್ಲಿ ಮತ್ತೆ ಬಂತು. 2023ರ ಏಪ್ರಿಲ್‌ನಿಂದ ಎರಡರಷ್ಟಾಗಲು 115 ತಿಂಗಳು ಎಂದು ಗೊತ್ತುಮಾಡಿದರು. ಅಂದರೆ ಮೇಷ್ಟ್ರ ಲೆಕ್ಕವನ್ನೇ ಹಿಡಿದರೆ ಈಗ ಏಳನೇ ತರಗತಿಯಲ್ಲಿ ಅಲ್ಲ, ಮೂರನೇ ತರಗತಿಯಲ್ಲೇ ಪತ್ರ ತೆಗೆಯಬೇಕು.

2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಮಾತ್ರ ಹೆಣ್ಣುಮಕ್ಕಳಿರುವ ಸದಸ್ಯರು ಬಿಡಬಾರದು. ಹತ್ತು ವರ್ಷದೊಳಗಿನ ಹೆಣ್ಣು ಮಗುವಿನ ಹೆಸರಿಗೆ ಅಂಚೆ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ ಒಂದೂವರೆ ಲಕ್ಷ. ಹದಿನೈದು ವರ್ಷ ಕಟ್ಟಬೇಕು, ಇಪ್ಪತ್ತೊಂದು ವರ್ಷಕ್ಕೆ ಮುಗಿಯುತ್ತದೆ. ಮಗಳಿಗೆ ಹದಿನೆಂಟಾದರೆ ಅಥವಾ ಹತ್ತನೇ ತರಗತಿ ಪಾಸಾದರೆ ಓದಿಗೆ ಅಂತ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಬಡ್ಡಿ ದರ ಒಂದೇ ಸಮ ಇರುವುದಿಲ್ಲ, ಮೊದಲಿಗೆ ಶೇ. 9ರ ಮೇಲಿತ್ತು, ನಡುವೆ ಶೇ. 7.6ಕ್ಕೆ ಇಳಿದು, 2024ರ ಜನವರಿಗೆ ಶೇ. 8.2 ಆಯಿತು. ಈ 8.2ರ ದರವೇ ಉಳಿಯಿತು ಎಂದುಕೊಂಡು ನಾವು ಕೂತು ಲೆಕ್ಕ ಹಾಕಿದೆವು: ಪ್ರತಿ ವರ್ಷದ ಮೊದಲಿಗೇ 12,000 ಕಟ್ಟಿದರೆ ಹದಿನೈದು ವರ್ಷಕ್ಕೆ ನಾವು ಕಟ್ಟುವುದು 1,80,000, ಇಪ್ಪತ್ತೊಂದನೇ ವರ್ಷಕ್ಕೆ ಬರುವುದು ಸುಮಾರು 5 ಲಕ್ಷ 70 ಸಾವಿರ.

ಗಂಡು ಮಕ್ಕಳಿಗೆ ಅದು ಇಲ್ಲ. ಅವರಿಗೆ ಆರ್.ಡಿ.ಯೇ ದಾರಿ. ಡೈರಿಗೆ ಹಾಲು ಹಾಕುವ ಸದಸ್ಯರಿಗೆ ನಾವು ಸಭೆಗಳಲ್ಲಿ ಒಂದು ಮಾತು ಹೇಳುತ್ತಿರುತ್ತೇವೆ: ದಿನಕ್ಕೆ ಒಂದು ಲೀಟರ್ ಮಗುವಿನ ಲೀಟರ್ ಅಂತ ಬಿಟ್ಟುಬಿಡಿ. ಲೀಟರಿಗೆ 30 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 900. ಶೇ. 7ರ ಬಡ್ಡಿಯಲ್ಲಿ ಹದಿನೈದು ವರ್ಷ ಬಿಡದೆ ಕಟ್ಟಿದರೆ ಅಸಲು 1,62,000, ಬಡ್ಡಿ ಸೇರಿ 2 ಲಕ್ಷ 85 ಸಾವಿರದ ಹತ್ತಿರ. ಇದನ್ನೇ ಮಗು ಹತ್ತನೇ ತರಗತಿಗೆ ಬಂದ ಮೇಲೆ ಶುರು ಮಾಡಿದರೆ ಎರಡು ಮೂರು ವರ್ಷಕ್ಕೆ ಏನಾಗುತ್ತದೆ? ಮೊದಲ ವರ್ಷದ ಫೀಸಿಗೂ ಸಾಲದು.

ನಮ್ಮ ಸಂಘದ ವಿಷಯಕ್ಕೆ ಬರೋಣ. 2000ದಲ್ಲಿ ಸಂಘ ಪ್ರಾರಂಭವಾದಾಗ ಊರಿಗೆ ಒಳ್ಳೆಯ ಕಾಲವೇನಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ತೋಟಗಳಿಗೂ ಬಂದು ಕಾಯಿ ಸಣ್ಣದಾಗಿ, ಸೀಳಿ, ಅಟ್ಟಗಳು ಖಾಲಿಯಾಗುತ್ತಿದ್ದವು. ಷೇರು ಹಣಕ್ಕೆ ಮನೆ ಮನೆ ತಿರುಗಿದ ಹಿರಿಯ ನಿರ್ದೇಶಕರ ಕಷ್ಟ ಈ ಸಂಚಿಕೆಯ ಬೇರೆ ಲೇಖನದಲ್ಲಿ ಬರುತ್ತದೆ. ನಾವು ನಿರ್ದೇಶಕರಾದ ಮೇಲೆ, 2012ರಲ್ಲಿ, ಒಂದು ಸಣ್ಣ ಬದಲಾವಣೆಗೆ ಮಂಡಳಿಯಲ್ಲಿ ಜಗಳವನ್ನೇ ಮಾಡಿದೆವು. ಮಕ್ಕಳ ಓದಿಗೆ ಅಂತ ತೆರೆಯುವ ಆರ್.ಡಿ. ಯಾವ ತಿಂಗಳಲ್ಲಿ ಶುರುವಾಗಲಿ, ಮುಗಿಯುವುದು ಮಾತ್ರ ಮೇ ತಿಂಗಳಲ್ಲಿ ಇರಬೇಕು ಎಂಬುದು ನಮ್ಮ ವಾದ. "ಲೆಕ್ಕ ಬರೆಯೋದು ಕಷ್ಟ" ಎಂದರು. "ಜೂನ್‌ನಲ್ಲಿ ಬಡ್ಡಿಗೆ ತರೋದು ಇನ್ನೂ ಕಷ್ಟ" ಎಂದೆವು. ಮೂರು ಸಭೆ ಕಳೆದು ಒಪ್ಪಿಗೆಯಾಯಿತು. ಇನ್ನೊಂದು ನಿಯಮವೂ ಸೇರಿತು: ಅಡಚಣೆ ಬಂದರೆ ಖಾತೆ ಮುರಿಯುವ ಬದಲು ಅದರ ಮೇಲೆ ಸಾಲ ತೆಗೆದುಕೊಳ್ಳಬಹುದು.

ಎರಡನೆಯ ನಿಯಮ ಮೊದಲು ಉಪಯೋಗಕ್ಕೆ ಬಂದದ್ದು ನಮಗೇ ಅಂದರೆ ನಗಬೇಡಿ. 2013ರಲ್ಲಿ ಮಗಳ ಹೆಸರಿಗೆ ತಿಂಗಳಿಗೆ 500ರಂತೆ ಖಾತೆ ತೆರೆದಿದ್ದೆವು. 2016ರ ಬರಗಾಲದಲ್ಲಿ ತೋಟದ ಬೋರು ನಿಂತಿತು. ತೆಂಗು ಒಣಗುವುದನ್ನು ನೋಡುತ್ತಾ ಕೂರಲು ಯಾರಿಗೆ ಸಾಧ್ಯ? ಆರ್.ಡಿ. ಮುರಿಯಲು ಅರ್ಜಿ ಬರೆದುಕೊಂಡೇ ಸಂಘಕ್ಕೆ ಹೋದೆವು. ಕಾರ್ಯದರ್ಶಿಗಳು ಅರ್ಜಿ ಓದಿ, ನಾವೇ ಸಹಿ ಹಾಕಿದ ಠರಾವಿನ ಪುಸ್ತಕ ತೆಗೆದು ಮುಂದೆ ಇಟ್ಟರು. ಸಾಲ ತೆಗೆದುಕೊಂಡೆವು. ಬೋರಿನಲ್ಲಿ ಬಂದದ್ದು ಧೂಳು. ಸಾಲವನ್ನು ಹಾಲಿನ ಬಟವಾಡೆಯಲ್ಲಿ ಎರಡು ವರ್ಷ ಕಟ್ಟಿದೆವು. ಖಾತೆ ಮಾತ್ರ ಉಳಿಯಿತು. ನಮ್ಮ ಸೀಮೆಯಲ್ಲಿ ಕಾಲೇಜಿಗೆ ಇಟ್ಟ ದುಡ್ಡು ಎಷ್ಟು ಸಲ ಭೂಮಿಯೊಳಗೆ ಸಾವಿರ ಅಡಿ ಇಳಿದಿದೆಯೋ ಲೆಕ್ಕವಿಲ್ಲ.

2023ರಲ್ಲಿ ಮಗಳಿಗೆ ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ಸೀಟಾಯಿತು. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದದ್ದು ನೆನಪಿದೆಯಲ್ಲ. ಅಟ್ಟವನ್ನೇ ನಂಬಿದ್ದರೆ 1995ರ ಕಥೆಯೇ ಮತ್ತೆ ಆಗುತ್ತಿತ್ತು. ಆರ್.ಡಿ.ಯಿಂದ 90 ಸಾವಿರ ಚಿಲ್ಲರೆ ಬಂತು. ಫೀಸು, ಹಾಸ್ಟೆಲು, ಲ್ಯಾಪ್‌ಟಾಪು ಸೇರಿ ಮೊದಲ ವರ್ಷಕ್ಕೆ ಬೇಕಾದದ್ದು ಅದರ ಎರಡರಷ್ಟು. ಉಳಿದದ್ದಕ್ಕೆ ಮನೆಯವರ ಸರ ಅಡವಿಟ್ಟೆವು. ಪೂರಾ ಸಾಲಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಐದುನೂರರ ಬದಲು ಸಾವಿರ ಕಟ್ಟಬೇಕಿತ್ತು, 2013ರ ಬದಲು ಅವಳು ಹುಟ್ಟಿದಾಗಲೇ ಶುರು ಮಾಡಬೇಕಿತ್ತು. ಆದರೆ ಒಂದು ದಿನವೂ ಮೀರದೆ ಮೊದಲ ಕಂತು ಕಟ್ಟಿ ಸೀಟು ಉಳಿಸಿದ್ದು ಆ ಪಾಸ್‌ಬುಕ್ಕೇ.

ಶಿಕ್ಷಣ ಸಾಲದ ಬಗ್ಗೆ ಸದಸ್ಯರು ಕೇಳುತ್ತಾರೆ. 2001ರಿಂದ ಬ್ಯಾಂಕುಗಳಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ಇದೆ. 4 ಲಕ್ಷದವರೆಗೆ ಜಮೀನು, ಮನೆ ಅಡಮಾನ ಕೇಳುವಂತಿಲ್ಲ. ಸಾಲ ತಪ್ಪಲ್ಲ. ಬಡ್ಡಿಯಿಲ್ಲದ ಬೆಳೆ ಸಾಲ ಎತ್ತಿ ಫೀಸು ಕಟ್ಟಿ, ಆಮೇಲೆ ಗೊಬ್ಬರಕ್ಕೆ ಕೈಸಾಲ ಮಾಡುವುದು ತಪ್ಪು. ಇದನ್ನು ಮಾಡಿದವರು ಯಾರು ಯಾರು ಎಂದು ಹೆಸರು ಹೇಳುವುದಿಲ್ಲ, ಓದುವಾಗ ಅವರಿಗೇ ತಿಳಿಯುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ಪ್ರಾರಂಭಿಸಿದ ರೈತ ವಿದ್ಯಾನಿಧಿಯಲ್ಲಿ ವೃತ್ತಿಪರ ಓದಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಎಂದು ಗೊತ್ತುಮಾಡಿದರು. ಬಂದರೆ ಪುಸ್ತಕಕ್ಕಾಯಿತು, ಅದನ್ನೇ ನಂಬಿ ಕೂರುವಂತಿಲ್ಲ.

ನಿರ್ದೇಶಕರಾಗಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ 2020ರಿಂದ ವಿಮೆ ಇದೆ. ಮೊದಲು ಅದು 1 ಲಕ್ಷ ಇತ್ತು. ನಮ್ಮಂಥ ಹಳ್ಳಿಯ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿ ನಿಮ್ಮ ಹಣಕ್ಕೆ ಕಾವಲು ಅಂದರೆ ಸಾಲ ವಸೂಲಿ, ಆಡಿಟ್ ವರದಿ ಮತ್ತು ನೀವೇ. ಆದ್ದರಿಂದ ವಾರ್ಷಿಕ ಮಹಾಸಭೆಗೆ ಊಟದ ಹೊತ್ತಿಗೆ ಬರುವುದನ್ನು ಬಿಟ್ಟು ಆಡಿಟ್ ವರದಿ ಓದುವಾಗ ಬನ್ನಿ, ಪ್ರಶ್ನೆ ಕೇಳಿ. ಮಕ್ಕಳ ಹಣವನ್ನು ಒಂದೇ ಕಡೆ ಇಡಬೇಡಿ. ಸ್ವಲ್ಪ ಇಲ್ಲಿ, ಸ್ವಲ್ಪ ಅಂಚೆ ಕಚೇರಿಯಲ್ಲಿ, ಸ್ವಲ್ಪ ಬ್ಯಾಂಕಿನಲ್ಲಿ ಇರಲಿ. ಸಂಘದ ನಿರ್ದೇಶಕರೇ ಹೀಗೆ ಬರೆದರೆ ಹೇಗೆ ಎಂದು ಮಂಡಳಿಯ ಒಬ್ಬರು ಕೇಳಿದರು. ಹೀಗೇ ಎಂದೆವು.

ಈ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಬಂತು. ಅಟ್ಟದಲ್ಲಿದ್ದಷ್ಟನ್ನು ಸುಲಿಸಿ ಹಾಕಿದೆವು. ಅಪ್ಪನಿಗೆ ಈಗ ಎಪ್ಪತ್ತೆಂಟು. ಮಾರುಕಟ್ಟೆಯಿಂದ ಬಂದ ಮಾರನೆಯ ದಿನ ಕೋಲು ಹಿಡಿದುಕೊಂಡು ನಮ್ಮ ಜೊತೆ ಸಂಘಕ್ಕೆ ಬಂದರು. ಚಿಕ್ಕ ಮೊಮ್ಮಗ ಎಂಟನೇ ತರಗತಿ. ಅವನ ಖಾತೆಗೆ ತಮ್ಮ ಪಾಲಿನ ಹಣ ಇಡಬೇಕು ಎಂದರು. ಕಾರ್ಯದರ್ಶಿಗಳು ರಸೀದಿ ಬರೆಯುತ್ತಿದ್ದಾಗ, "ಇದು ಯಾವಾಗ ಕೈಗೆ ಬರುತ್ತೆ?" ಎಂದು ಕೇಳಿದರು. "ಮೇ ತಿಂಗಳಲ್ಲಿ, ಅಜ್ಜಾ" ಎಂದರು ಅವರು. ಅಪ್ಪ ನಮ್ಮ ಕಡೆ ನೋಡಲಿಲ್ಲ. "ಜೂನ್‌ಗೆ ಮುಂಚೇನೇ ಅನ್ನು" ಎಂದು ಹೇಳಿ ರಸೀದಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.